ಚುಕ್ಕಿಯಿಲ್ಲದ ಸ್ಕ್ರೂ

ಹನ್ನೊಂದನೆಯ ಸ್ಕ್ರೂ ಕೈಗೆ ಬರುವ ಹೊತ್ತಿಗೆ ಅಕ್ಕನ ಅಂಗೈ ಕೆಂಪಗೆ ಊದಿಕೊಂಡಿತ್ತು.

ಬರ್ನರಿನಿಂದ ಬಿಸಿ ಮಾಡಬೇಕು. ಎಣ್ಣೆ ಬಿಟ್ಟು ಕಾಯಬೇಕು. ಡ್ರೈವರನ್ನು ಸ್ಕ್ರೂವಿನ ತಲೆಯಲ್ಲಿ ನೆಟ್ಟಗೆ ಕೂರಿಸಿ, ಅದರ ಬೆನ್ನಿಗೆ ಸುತ್ತಿಗೆಯಿಂದ ನಾಲ್ಕು ಸಣ್ಣ ಏಟು ಕೊಡಬೇಕು. ಆಮೇಲೆ ಮೈಭಾರವನ್ನೆಲ್ಲ ಮೇಲೆ ಬಿಟ್ಟು, ಒತ್ತುತ್ತಾ ಒತ್ತುತ್ತಾ ತಿರುಗಿಸಬೇಕು. ತಿರುಗದಿದ್ದರೆ ಸಿಟ್ಟು ಮಾಡಿಕೊಳ್ಳದೆ ಮತ್ತೆ ಮೊದಲಿನಿಂದ. ಬೆಳಿಗ್ಗೆ ಒಂಬತ್ತಕ್ಕೆ ವರ್ಕ್‌ಶಾಪಿನ ಬೆಂಚಿನ ಮುಂದೆ ಕೂತವಳು ಮಧ್ಯಾಹ್ನ ಒಂದರವರೆಗೆ ಮಾಡಿದ್ದು ಇಷ್ಟೇ.

ಹಳೆಯ ಜಪಾನಿ ಬೈಕಿನ ಜೋಡಿ ಕಾರ್ಬೊರೇಟರ್. ಒಂದೊಂದಕ್ಕೂ ಕೆಳಗಿನ ಬಟ್ಟಲಿಗೆ ನಾಲ್ಕು ಸ್ಕ್ರೂ, ಮೇಲಿನ ಮುಚ್ಚಳಕ್ಕೆ ಎರಡು. ಕೋರ್ಟಿನ ಗೋದಾಮಿನ ತೇವದಲ್ಲಿ ಆರು ವರ್ಷ ಬಿದ್ದದ್ದಕ್ಕೆ ಸ್ಕ್ರೂಗಳ ಉಕ್ಕೂ ಕಾರ್ಬೊರೇಟರಿನ ಬಿಳಿ ಲೋಹವೂ ಒಂದನ್ನೊಂದು ಕಚ್ಚಿ ಹಿಡಿದಿದ್ದವು. ಪ್ರತಿ ಸ್ಕ್ರೂ ಹೊರಬರುವಾಗಲೂ ಕಿರ್ರೆಂದು ಕೂಗಿ, ಸುಣ್ಣದಂಥ ಪುಡಿ ಉದುರಿಸಿಯೇ ಬಂದಿತ್ತು.

"ಇಷ್ಟು ಸತಾಯಿಸೋ ಆಸಾಮಿ ನಮ್ಮ ಲಾಕಪ್ಪಿಗೂ ಬಂದಿರಲಿಲ್ಲ ಬಿಡಿ," ಎಂದ ಮೀಸೆ ದಫೇದಾರ.

ಹೋದ ವರ್ಷ ನಿವೃತ್ತನಾದ ಪೊಲೀಸಿನವನು. ಮೀಸೆ ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ಎರಡನೆಯ ಲೋಟ ಚಹಾ ಆರಿಸಿಕೊಳ್ಳುತ್ತಿದ್ದ. ಗೋದಾಮು ಖಾಲಿ ಮಾಡುತ್ತಿದ್ದಾರೆಂದು ತಿಳಿದು, ಓಡಾಡಿ, ಈ ಕಾರ್ಬೊರೇಟರಿನ ಪೆಟ್ಟಿಗೆಯನ್ನು ಬಿಡಿಸಿ ತಂದವನು ಅವನೇ.

ಈ ಕಾರ್ಬೊರೇಟರಿದ್ದ ಬೈಕಿನಲ್ಲೇ ಅಕ್ಕನ ಗಂಡ ಆರು ವರ್ಷದ ಹಿಂದೆ ತಿರುವಿನ ಗೋಡೆಗೆ ಬಡಿದು ಸತ್ತಿದ್ದ; ಕೊಂದವನೆಂದು ಅವಳ ಒಡಹುಟ್ಟಿದ ತಮ್ಮ ಜೈಲಿನಲ್ಲಿದ್ದ; ಅವನನ್ನು ಒಳಗೆ ಕಳಿಸಿದ್ದು ಅಕ್ಕನದೇ ಸಾಕ್ಷಿ.

ಮರುವಿಚಾರಣೆಗೆ ಅರ್ಜಿ ಬಿದ್ದಿತ್ತು. ಹೊಸ ಪುರಾವೆ ಏನಾದರೂ ಇದ್ದರೆ ಶುಕ್ರವಾರದೊಳಗೆ ಕೋರ್ಟಿನ ಕೈ ಸೇರಬೇಕು, ಇಲ್ಲದಿದ್ದರೆ ಕಡತ ಮುಚ್ಚಿದಂತೆಯೇ ಎಂದು ವಕೀಲರು ಹೇಳಿದ್ದರು. ಇವತ್ತು ಮಂಗಳವಾರ. ಪುರಾವೆ ಎನ್ನುವುದು ಆಕಾಶದಿಂದ ಉದುರುವುದಿಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ಆದರೂ ಕೂತಿದ್ದಳು. ಅವಳಿಗೆ ಗೊತ್ತಿದ್ದ ವಿದ್ಯೆ ಅದೊಂದೇ, ಬಿಚ್ಚಿ ನೋಡುವುದು.

ಹನ್ನೆರಡನೆಯದು ಬಲಗಡೆಯ ಮುಚ್ಚಳದ ಒಳಬದಿಯ ಸ್ಕ್ರೂ. ಡ್ರೈವರ್ ಅದರಲ್ಲಿ ಸರಿಯಾಗಿ ಕೂರಲಿಲ್ಲ, ಸ್ವಲ್ಪ ಲೊಡಬಡ ಎಂದಿತು. ಬರ್ನರಿಗೆ ಕೈ ಚಾಚುವ ಮೊದಲು, ಎಷ್ಟು ಬಿಗಿಯಿದೆಯೋ ನೋಡೋಣವೆಂದು ಹಾಗೇ ಒಂದು ಸಲ ಅಲುಗಿಸಿದಳು.

ತಿರುಗಿತು.

ಕೂಗಲಿಲ್ಲ, ಪುಡಿ ಉದುರಿಸಲಿಲ್ಲ. ಎರಡು ಬೆರಳಲ್ಲಿ ಹಿಡಿದು ಸುತ್ತಿದರೆ ಬಾಟಲಿಯ ಮುಚ್ಚಳದ ಹಾಗೆ ಎದ್ದು ಬಂತು.

"ಬಂತಾ? ಪುಣ್ಯ," ಎಂದ ದಫೇದಾರ.

ಹನ್ನೊಂದು ಸ್ಕ್ರೂ ಅವಳ ಅಂಗೈ ಸುಲಿದಿದ್ದವು. ಒಂದೇ ಗೋದಾಮು, ಒಂದೇ ತೇವ, ಒಂದೇ ಆರು ವರ್ಷ. ಇದೊಂದಕ್ಕೆ ಮಾತ್ರ ಯಾರ ದಾಕ್ಷಿಣ್ಯ?

ಸ್ಕ್ರೂವನ್ನು ಬಿಳಿ ಬಟ್ಟೆಯ ಮೇಲಿಟ್ಟು ಕನ್ನಡಕ ಏರಿಸಿಕೊಂಡು ಬಗ್ಗಿದಳು. ತಲೆ ಸರಿಯಾಗಿತ್ತು, ಒಂದು ಗಾಯವಿಲ್ಲ. ಪಕ್ಕದಲ್ಲಿ ಇನ್ನೊಂದು ಸ್ಕ್ರೂ ಇಟ್ಟಳು. ಮತ್ತೆ ಬಗ್ಗಿದಳು. ಬಹಳ ಹೊತ್ತು ಹಾಗೇ ಇದ್ದಳು.

ದಫೇದಾರ ಲೋಟ ಕೆಳಗಿಟ್ಟು ಹತ್ತಿರ ಬಂದ. ಅವನಿಗೆ ಎರಡೂ ಒಂದೇ ಥರ ಕಂಡವು.

"ಇದರ ತಲೆ ಮೇಲೆ ಕೂಡು ಗುರುತಿನ ಗೆರೆ ಪಕ್ಕ ಒಂದು ಚುಕ್ಕಿ ಇದೆ, ನೋಡಿ," ಎಂದಳು ಅಕ್ಕ. "ಸೂಜಿಯಲ್ಲಿ ಚುಚ್ಚಿದ ಹಾಗೆ."

"ಇದೆ."

"ಅದರಲ್ಲಿ?"

ದಫೇದಾರ ಸ್ಕ್ರೂವನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ಇಲ್ಲ."

ಆ ಚುಕ್ಕಿಯ ಅರ್ಥವನ್ನು ಅಕ್ಕನಿಗೆ ಎಂಟನೆಯ ವಯಸ್ಸಿಗೇ ಅಪ್ಪ ಹೇಳಿಕೊಟ್ಟಿದ್ದ. ಜಪಾನಿ ಸ್ಕ್ರೂವಿನ ಗೆರೆಯ ಆಳವೇ ಬೇರೆ, ಓರೆಯೇ ಬೇರೆ. ಬಜಾರಿನ ಸ್ಟಾರ್ ಡ್ರೈವರ್ ಹಾಕಿದರೆ ಕೂತಂತೆ ಕಾಣುತ್ತದೆ; ಬಲ ಹಾಕಿದ ಕೂಡಲೇ ಮೇಲಕ್ಕೆ ಜಾರಿ ಗೆರೆಯನ್ನು ಅಗಿದುಬಿಡುತ್ತದೆ. ಹೀಗಾಗಿ ಅಪ್ಪನ ಈ ವರ್ಕ್‌ಶಾಪಿನಲ್ಲಿ ಜಪಾನಿ ಡ್ರೈವರ್ ಎರಡೇ ಇದ್ದವು, ಒಂದು ಅವಳದು, ಒಂದು ತಮ್ಮನದು. ಸ್ಕ್ರೂ ಕೆಟ್ಟರೆ ಚುಕ್ಕಿಯ ಡಬ್ಬಿಯಿಂದ ಚುಕ್ಕಿಯದನ್ನೇ ತೆಗೆದು ಹಾಕಬೇಕು. ಅಪ್ಪ ಹೋದ ಮೇಲೂ ಈ ಕಟ್ಟು ಮುರಿದಿರಲಿಲ್ಲ.

ಅಪಘಾತದ ಮಾರನೆಯ ದಿನ ಠಾಣೆಯ ಮೇಜಿನ ಮೇಲೆ ಈ ಮುಚ್ಚಳ ಬಿಚ್ಚಿದವಳು ಅಕ್ಕನೇ. ಆವತ್ತು ಸ್ಕ್ರೂಗಳೆಲ್ಲ ಹೊಸದಾಗಿ ಬಿಗಿದವು, ಎಲ್ಲವೂ ಒಂದೇ ಸಲೀಸಿನಲ್ಲಿ ಬಂದಿದ್ದವು. ಒಳಗಿನ ಸ್ಪ್ರಿಂಗ್ ಎರಡು ಸುತ್ತು ಗಿಡ್ಡವಾಗಿತ್ತು. ಸ್ಪ್ರಿಂಗ್ ಸೋತದ್ದಕ್ಕೆ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೂ ಗಾಡಿ ವೇಗ ಇಳಿಸಿರಲಿಲ್ಲ. ಇನ್‌ಸ್ಪೆಕ್ಟರು ಅದನ್ನು ಅವಳ ಕೈಯಿಂದಲೇ ತೆಗೆದುಕೊಂಡು ಕವರಿಗೆ ಹಾಕಿದ್ದರು. ಇವಳು ಸ್ಕ್ರೂಗಳನ್ನು ಅಭ್ಯಾಸಬಲದಿಂದ ಅವವುಗಳ ತೂತಿಗೇ ವಾಪಸ್ ಹಾಕಿದ್ದಳು.

ಕೋರ್ಟಿನಲ್ಲಿ ವಕೀಲರು ಒಂದೇ ಪ್ರಶ್ನೆ ಕೇಳಿದ್ದರು. ಹೊರಗಿನವರು ಯಾರಾದರೂ ಇದನ್ನು ಬಿಚ್ಚಿರಬಹುದೇ? ಅಕ್ಕ ಕಟಕಟೆ ಹಿಡಿದು ನೆಟ್ಟಗೆ ನಿಂತು ಹೇಳಿದ್ದಳು, ಹೊರಗಿನ ಕೈ ಬಿದ್ದಿದ್ದರೆ ತಲೆಗೆ ಗಾಯವಾಗಿರುತ್ತಿತ್ತು, ಒಂದು ಸ್ಕ್ರೂವಿಗೂ ಗಾಯವಿಲ್ಲ. ಆ ಬೈಕಿನ ಕಾರ್ಬೊರೇಟರು ಅಪಘಾತದ ಹಿಂದಿನ ದಿನವಷ್ಟೇ ತಮ್ಮನ ಕೈಯಲ್ಲಿ ರಿಪೇರಿಯಾಗಿತ್ತು. ಭಾವ ಬಾಮೈದರ ಜಗಳವನ್ನು ಚಹಾದಂಗಡಿಯಲ್ಲಿ ಹತ್ತು ಜನ ಕೇಳಿದ್ದರು. ಇನ್ನೇನು ಬೇಕು?

ಗಾಯ ಹುಡುಕಿದ್ದಳು, ಚುಕ್ಕಿ ಹುಡುಕಿರಲಿಲ್ಲ. ಗಾಯವಾದದ್ದನ್ನು ತೆಗೆದು ಹೊಸದು ಹಾಕಿದರೆ ಗಾಯ ಎಲ್ಲಿರುತ್ತದೆ? ಇಡೀ ಊರಿನಲ್ಲಿ ಇದನ್ನು ನೋಡಿ ಹೇಳಬಲ್ಲ ಕಣ್ಣು ತನ್ನದೊಂದೇ ಆಗಿತ್ತು, ಆ ಕಣ್ಣೇ ನೋಡಲಿಲ್ಲ.

"ಅಕ್ಕಾ, ಕೂತ್ಕೊಳ್ಳಿ," ಎಂದ ದಫೇದಾರ. ಅವಳು ಕೂತೇ ಇದ್ದಳು.

*

ಅಳುವುದಕ್ಕೆ ಅಕ್ಕ ಸಮಯ ಕೊಟ್ಟುಕೊಳ್ಳಲಿಲ್ಲ. ಸ್ಕ್ರೂವಿನ ಥ್ರೆಡ್ಡನ್ನು ಉಗುರಿನಿಂದ ಕೆರೆದಳು. ಹಳದಿ ಬಣ್ಣದ ಏನೋ ಒಂದು ತೆಳ್ಳಗೆ ಅಂಟಿಕೊಂಡು ಬಂತು. ಗ್ರೀಸಾದರೆ ಒರೆಸಿದರೆ ಹೋಗಬೇಕು. ಇದು ಉಗುರಿನಡಿ ಉಂಡೆಯಾಯಿತು. ಬರ್ನರಿನ ಪಕ್ಕ ಹಿಡಿದಾಗ ಕರಗಿ, ಒಂದು ಹಿತವಾದ, ಹಳೆಯ ವಾಸನೆ ಎದ್ದಿತು.

ಜೇನುಮೇಣ.

ತೇವ ಈ ಸ್ಕ್ರೂವನ್ನು ಮುಟ್ಟದಿದ್ದುದು ಅದಕ್ಕೇ. ಮೇಣ ಮೆತ್ತಿದ ಸ್ಕ್ರೂವಿಗೆ ತುಕ್ಕು ಹತ್ತುವುದಿಲ್ಲ. ಆದರೆ ಯಾವ ಮೆಕ್ಯಾನಿಕ್ಕೂ ಸ್ಕ್ರೂವಿಗೆ ಮೇಣ ಹಚ್ಚುವುದಿಲ್ಲ.

ಅಕ್ಕ ಎದ್ದು ಗೋಡೆಯ ಸಾಮಾನಿನ ಬೀರುವಿನ ಮುಂದೆ ನಿಂತಳು. ಅಪ್ಪನ ಕಾಲದ್ದು. ಅದರ ಬಾಗಿಲಿನ ಹಿಡಿಯ ಸ್ಕ್ರೂ ಒಂದನ್ನು ಬಿಚ್ಚಿದಳು. ಇಪ್ಪತ್ತು ವರ್ಷದ ಸ್ಕ್ರೂ, ಹೂವಿನ ಹಾಗೆ ಕೈಗೆ ಬಂತು. ತಂದು ಬಿಳಿ ಬಟ್ಟೆಯ ಮೇಲೆ, ಚುಕ್ಕಿಯಿಲ್ಲದ ಸ್ಕ್ರೂವಿನ ಪಕ್ಕ ಇಟ್ಟಳು. ಅದೇ ಗಾತ್ರ, ಅದೇ ಉದ್ದ. ಅದೇ ಹಳದಿ ಮೇಣ.

"ಈ ಬೀರು ಮಾಡಿದ್ದು ಯಾರು?" ಎಂದು ದಫೇದಾರ ಕೇಳಿದ. ಬೀದಿಯವರಿಗೆಲ್ಲ ಗೊತ್ತಿದ್ದ ಉತ್ತರ. ಆದರೂ ಪೊಲೀಸಿನವನಲ್ಲವೇ, ಬಾಯಿಂದಲೇ ಕೇಳಬೇಕು.

"ನಮ್ಮ ಸೋದರಮಾವ," ಎಂದಳು ಅಕ್ಕ.

*

ಬೀದಿಯ ತುದಿಯ ತಗಡಿನ ಶೆಡ್ಡಿನಲ್ಲಿ ಬಡಗಿ ಮಾವ ಬಾಗಿಲ ಹಲಗೆಯೊಂದಕ್ಕೆ ತೋಪಡ ಹಾಕುತ್ತಿದ್ದ. ಎಪ್ಪತ್ತು ದಾಟಿದರೂ ತೋಪಡ ಎಳೆದರೆ ಸುರುಳಿ ತುಂಡಾಗದೆ ಒಂದೇ ಉದ್ದಕ್ಕೆ ಬರುವಂಥ ಕೈ. ಅಪ್ಪ ಸತ್ತಾಗ ಅಕ್ಕ ಮತ್ತು ತಮ್ಮನ ತಲೆಯ ಮೇಲೆ ಇಟ್ಟ ಕೈಯೂ ಅದೇ.

ಬಾ ಮಗಳೇ ಎಂದ. ಹಿಂದೆ ದಫೇದಾರನನ್ನು ಕಂಡು ಮತ್ತೆ ಹಲಗೆಗೆ ಬಗ್ಗಿದ.

ಬೀರುವಿನ ಹಿಡಿಗೆ ಒಂದು ಸ್ಕ್ರೂ ಬೇಕಾಗಿತ್ತು ಎಂದಳು ಅಕ್ಕ. ಮಾವ ಹಲಗೆಯಿಂದ ಕಣ್ಣೆತ್ತದೆ ಕಾಲಿನಿಂದಲೇ ಒಂದು ಹಾಲುಪುಡಿಯ ಡಬ್ಬಿಯನ್ನು ಅವಳತ್ತ ನೂಕಿದ. ಜೀವಮಾನದಲ್ಲಿ ಒಂದು ಸ್ಕ್ರೂವನ್ನೂ ಎಸೆದವನಲ್ಲ. ಬಗ್ಗಿದ್ದು, ಮುರಿದದ್ದು, ತಲೆ ಕೆಟ್ಟದ್ದು, ಎಲ್ಲವೂ ಯಾವತ್ತೋ ಒಂದು ದಿನ ಉಪಯೋಗಕ್ಕೆ ಬಂದೀತೆಂದು ಆ ಡಬ್ಬಿಗೆ ಬೀಳುತ್ತಿತ್ತು. ಅತ್ತೆ ಬದುಕಿದ್ದಾಗ ಅದನ್ನು ಸವತಿ ಎಂದು ಕರೆಯುತ್ತಿದ್ದಳು.

ಅಕ್ಕ ನೆಲದ ಮೇಲೆ ಹಳೆಯ ಪೇಪರು ಹಾಸಿ ಡಬ್ಬಿಯನ್ನು ಬೋರಲು ಹಾಕಿದಳು. ಕೂತು ಆರಿಸತೊಡಗಿದಳು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ಒಂದೊಂದೇ, ಆಚೆಗೆ ತಳ್ಳುತ್ತಾ.

ತೋಪಡದ ಸದ್ದು ಮೊದಲು ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು.

ಅರ್ಧ ಗಂಟೆಯ ಮೇಲೆ ಸಿಕ್ಕಿತು. ಗೆರೆಯೆಲ್ಲ ಅಗಿದು ದುಂಡಗಿನ ಗುಳಿಯಾಗಿತ್ತು. ತಲೆಯ ಅಂಚಿನಲ್ಲಿ ಉಳಿಯಿಂದ ಕಚ್ಚು ಹಾಕಿ, ತಟ್ಟಿ ತಟ್ಟಿ ತಿರುಗಿಸಿದ ಗುರುತು. ಮೆಕ್ಯಾನಿಕ್ಕಾದರೆ ಡ್ರಿಲ್ ಹಾಕುತ್ತಿದ್ದ, ಉಳಿ ಹಿಡಿಯುತ್ತಿರಲಿಲ್ಲ. ಗುಳಿಯ ಪಕ್ಕದಲ್ಲಿ ಸೂಜಿಮೊನೆಯಷ್ಟು ಚುಕ್ಕಿ ಇನ್ನೂ ಉಳಿದಿತ್ತು.

ಅಕ್ಕ ಎದ್ದು, ಮಾವ ತೋಪಡ ಹಾಕುತ್ತಿದ್ದ ಹಲಗೆಯ ಮೇಲೆ ಎರಡು ಸ್ಕ್ರೂಗಳನ್ನೂ ಅಕ್ಕಪಕ್ಕ ಇಟ್ಟಳು.

"ಮಾವ, ಇದರಲ್ಲಿ ನಿಮ್ಮದು ಯಾವುದು, ನಮ್ಮದು ಯಾವುದು?"

ಮಾವ ಹಲಗೆಯ ತುದಿಗೆ ಕೂತ. ಮರದ ಪುಡಿ ಮೆತ್ತಿದ ಕೈಯಿಂದ ಮುಖ ಒರೆಸಿಕೊಂಡ.

"ಆರು ವರ್ಷದಿಂದ ಆ ಡಬ್ಬಿ ಅಲ್ಲೇ ಇತ್ತು ಮಗಳೇ," ಎಂದ. "ನೀನು ಒಂದು ಸಲಾನೂ ಸ್ಕ್ರೂ ಕೇಳ್ಕೊಂಡು ಬರಲಿಲ್ಲ."

ಆಮೇಲೆ ಹೇಳಿದ. ಕೇಳುವವರು ಬರಲೆಂದೇ ಕಾದಿದ್ದವನ ಹಾಗೆ, ತಡವರಿಸದೆ ಹೇಳಿದ.

ಸಾಯುವ ಹಿಂದಿನ ಮಧ್ಯಾಹ್ನ ಅಕ್ಕನ ಗಂಡ ಬೈಕು ತಳ್ಳಿಕೊಂಡು ಇದೇ ಶೆಡ್ಡಿಗೆ ಬಂದಿದ್ದ. ಮುಚ್ಚಳದ ಸ್ಕ್ರೂ ಬಿಚ್ಚಲು ಹೋಗಿ ಕೆಡಿಸಿಕೊಂಡಿದ್ದ. ಒಂದು ಹೇಗೋ ಬಿಚ್ಚಿಕೊಂಡಿತ್ತು, ಎರಡನೆಯದಕ್ಕೆ ಬಜಾರಿನ ಡ್ರೈವರ್ ಜಾರಿತ್ತು. ಡ್ರೈವರ್ ಜಾರಿದ್ದಕ್ಕಿಂತ ಕೈ ಜಾರಿದ್ದೇ ಹೆಚ್ಚು. ಬಲಗೈಯ ಬೆರಳುಗಳಿಗೆ ತಿಂಗಳುಗಳಿಂದ ಬಲವಿರಲಿಲ್ಲ. ಒತ್ತಲು ಆಗುತ್ತಿರಲಿಲ್ಲ, ಹಿಡಿದದ್ದು ನಿಲ್ಲುತ್ತಿರಲಿಲ್ಲ. ಆಕ್ಸಿಲರೇಟರ್ ತಿರುಗಿಸಿ ಹಿಡಿಯುವುದೇ ಸಾಹಸವಾಗಿತ್ತು. ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಹಗುರಾಗುತ್ತದೆ, ಮುಚ್ಚಳ ಒಂದು ಬಿಚ್ಚಿಕೊಡಿ ಸಾಕು ಎಂದಿದ್ದ. ಮನೆಯವಳಿಗೆ ಹೇಳಬೇಡಿ, ಕೈ ಹೋಗಿದೆಯೆಂದು ಗೊತ್ತಾದರೆ ಗಾಡಿ ಮುಟ್ಟಲು ಬಿಡುವುದಿಲ್ಲ, ಎಂದೂ ಹೇಳಿದ್ದ. ಮಾವ ಉಳಿಯಿಂದ ತಟ್ಟಿ ಸ್ಕ್ರೂ ತೆಗೆದ. ಅವನು ಎಡಗೈಯಲ್ಲೇ ಸ್ಪ್ರಿಂಗ್ ಬದಲಾಯಿಸಿಕೊಂಡ. ಮಾವ ಬೀರುವಿನ ಹಿಡಿಯ ಸ್ಕ್ರೂ ಒಂದಕ್ಕೆ ಮೇಣ ಸವರಿ ಮುಚ್ಚಳ ಮುಚ್ಚಿಕೊಟ್ಟ.

ಅಕ್ಕ ಕೇಳುತ್ತಾ ನಿಂತಿದ್ದಳು. ಆ ಕೊನೆಯ ತಿಂಗಳುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಶರ್ಟಿನ ಗುಂಡಿಯನ್ನು ಅವಳ ಕೈಲೇ ಹಾಕಿಸಿಕೊಳ್ಳುತ್ತಿದ್ದ. ಲೋಟವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದ. ಡಬ್ಬಿಯ ಮುಚ್ಚಳ ತೆಗೆದುಕೊಡು ಎನ್ನುತ್ತಿದ್ದ. ದೊರೆಗಳ ಗತ್ತು ನೋಡು ಎಂದು ಅವಳು ಅಣಕಿಸಿದ್ದಳು. ಅವನು ನಕ್ಕಿದ್ದ.

"ಕೋರ್ಟಲ್ಲಿ ತಮ್ಮನ ಕೈಗೆ ಬೇಡಿ ಹಾಕಿದಾಗ ನೀವು ನನ್ನ ಪಕ್ಕದಲ್ಲೇ ಕೂತಿದ್ರಿ," ಎಂದಳು ಅಕ್ಕ. ದನಿ ಏರಿರಲಿಲ್ಲ.

"ಕೂತಿದ್ದೆ."

"ಸ್ಕ್ರೂ ಇಲ್ಲಿತ್ತು."

"ನಿಮ್ಮತ್ತೆ ಹಾಸಿಗೆ ಹಿಡಿದಿದ್ದಳು. ಉಳಿ ಹಾಕಿದವನು ನಾನು, ಸ್ಕ್ರೂ ಹಾಕಿದವನು ನಾನು. ನನ್ನನ್ನೇ ಒಳಗೆ ಹಾಕಿದ್ರೆ ಅವಳ ಬಾಯಿಗೆ ನೀರು ಬಿಡೋರು ಯಾರು ಅಂದ್ಕೊಂಡೆ."

"ಅತ್ತೆ ಹೋಗಿ ನಾಲ್ಕು ವರ್ಷ ಆಯ್ತು ಮಾವ."

ಮಾವ ತಲೆ ತಗ್ಗಿಸಿದ. ಕೈಯಲ್ಲಿದ್ದ ಮರದ ಸುರುಳಿಯನ್ನು ಬಿಡಿಸುತ್ತಾ, ಸುತ್ತುತ್ತಾ ಇದ್ದ.

"ಮೊದಲೆರಡು ವರ್ಷಕ್ಕೆ ಒಂದು ಕಾರಣ ಇತ್ತು. ಆಮೇಲೆ ಕಾರಣ ಇಲ್ಲವಲ್ಲ, ಈಗ ಹೋಗಿ ಏನಂತ ಮುಖ ತೋರಿಸಲಿ ಅನ್ನೋದೇ ಕಾರಣ ಆಯ್ತು. ದಿನಾ ಬೆಳಗಾದ್ರೆ ಒಂದು ದಿನ ಜಾಸ್ತಿ ಆಗಿರೋದು."

ಅವನನ್ನು ಬೈಯಬೇಕೆಂದು ಅಕ್ಕನಿಗೆ ಅನ್ನಿಸಿತು. ಬೈಗುಳ ಬಾಯಿಯವರೆಗೂ ಬಂತು. ಆದರೆ ಅದರ ಹಿಂದೆಯೇ ಕಟಕಟೆ ಹಿಡಿದು ನೆಟ್ಟ ಬೆನ್ನಲ್ಲಿ ನಿಂತಿದ್ದ ಹೆಂಗಸೊಬ್ಬಳು ಕಣ್ಣಿಗೆ ಕಟ್ಟಿದಳು. ಮಾವ ಬಾಯಿ ಮುಚ್ಚಿಕೊಂಡು ಮಾಡಿದ್ದನ್ನು ಆ ಹೆಂಗಸು ಬಾಯಿ ತೆರೆದು ಮಾಡಿದ್ದಳು.

"ಆ ಸ್ಪ್ರಿಂಗ್ ಎಲ್ಲಿಂದ ಬಂತು?" ಎಂದು ಮಾತ್ರ ಕೇಳಿದಳು.

ಮಾವ ಎದ್ದು ಸಾಮಾನಿನ ಪೆಟ್ಟಿಗೆಯ ತಳದಿಂದ, ಉಳಿಗಳ ಅಡಿಯಿಂದ ಒಂದು ಲಕೋಟೆ ತೆಗೆದ. ಮೇಲೆ ಕೋರ್ಟಿನ ವಿಳಾಸ, ಬಡಗಿಯ ಪೆನ್ಸಿಲಿನಲ್ಲಿ, ಅಳತೆಪಟ್ಟಿ ಇಟ್ಟು ಬರೆದಂಥ ಅಕ್ಷರ. ಮೂಲೆಯಲ್ಲಿ ಆರು ವರ್ಷದ ಹಿಂದಿನ ಅಂಚೆಚೀಟಿ ಮಾಸಿ ಹೋಗಿತ್ತು. ತೀರ್ಪು ಬಂದ ವಾರವೇ ಬರೆದದ್ದು ಎಂದ. ಅಂಚೆಪೆಟ್ಟಿಗೆಯವರೆಗೂ ಮೂರು ಸಲ ಹೋಗಿ ಬಂದಿದ್ದನಂತೆ.

"ಎಲ್ಲಾ ಬರೆದಿದ್ದೀನಿ. ಸ್ಪ್ರಿಂಗಿನ ವಿಷಯ ಎರಡನೇ ಹಾಳೆಯಲ್ಲಿದೆ. ಅದನ್ನು ನನ್ನ ಬಾಯಲ್ಲಿ ಹೇಳಿಸಬೇಡ."

*

ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸುವ ಕಿಟಕಿ ನಾಲ್ಕಕ್ಕೆ ಮುಚ್ಚುತ್ತಿತ್ತು. ಇವರು ಮುಟ್ಟಿದಾಗ ಗೋಡೆಯ ಗಡಿಯಾರದಲ್ಲಿ ಮೂರೂ ನಲವತ್ತು. ಇವತ್ತು ಹೋದರೆ ಗುರುವಾರ ಕೋರ್ಟಿನಲ್ಲಿ. ನಾಳೆಯಾದರೆ ದೇವರೇ ಗತಿ.

ಲಕೋಟೆಯ ಅಂಟು ಒಣಗಿ ತಾನಾಗಿಯೇ ಬಿಟ್ಟುಕೊಂಡಿತ್ತು. ಗೋಂದಿನ ಡಬ್ಬಿಯಿದ್ದ ಇಳಿಜಾರು ಮೇಜಿನ ಮುಂದೆ ನಿಂತು ಅಕ್ಕ ಓದಿದಳು. ಮೊದಲ ಹಾಳೆಯಲ್ಲಿ ಅಳಿಯನ ಸೋತ ಕೈ, ಉಳಿ, ಮೇಣ, ಎಲ್ಲವೂ ಮಾವ ಹೇಳಿದಂತೆಯೇ ಇತ್ತು. ಎರಡನೆಯ ಹಾಳೆಯಲ್ಲಿ ನಾಲ್ಕೇ ಸಾಲು.

ಸ್ಪ್ರಿಂಗ್ ನಾನು ಕೊಟ್ಟದ್ದಲ್ಲ. ಅಳಿಯನ ಜೇಬಿನಲ್ಲಿತ್ತು. ಎರಡು ಸುತ್ತು ಕತ್ತರಿಸಿತ್ತು, ಆದರೆ ಕತ್ತರಿಸಿದ ತುದಿಯನ್ನು ಸಾಣೆಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿತ್ತು, ನನ್ನ ಬೆರಳಿಗೆ ಚುಚ್ಚಲಿಲ್ಲ. ಅಂಥ ಕೆಲಸ ಯಾರದೆಂದು ನನಗೆ ಗೊತ್ತು, ಹೆಸರು ಬರೆಯಲಾರೆ.

ಅಕ್ಕ ತನ್ನ ಬಲಗೈಯ ತೋರುಬೆರಳನ್ನು ನೋಡಿಕೊಂಡಳು. ಠಾಣೆಯ ಮೇಜಿನ ಮುಂದೆ ಸ್ಪ್ರಿಂಗ್ ಎಳೆದು ತೆಗೆದದ್ದು ಇದೇ ಬೆರಳು. ಕತ್ತರಿಸಿದ ತಂತಿ ಚುಚ್ಚಬೇಕಿತ್ತು. ಆವತ್ತು ಇವಳಿಗೂ ಚುಚ್ಚಿರಲಿಲ್ಲ.

ಸ್ಪ್ರಿಂಗಿನ ತುದಿಯನ್ನು ಹಾಗೆ ತಿಕ್ಕಿ ಕೂರಿಸುವವರು ಇಬ್ಬರೇ. ಒಬ್ಬಳು ಇಲ್ಲಿ ನಿಂತಿದ್ದಳು.

ದಫೇದಾರ ಅವಳ ಹೆಗಲ ಮೇಲಿಂದ ಓದಿ ಮುಗಿಸಿದ್ದ. ಸುತ್ತ ನೋಡಿ ದನಿ ತಗ್ಗಿಸಿದ.

"ಆ ಹಾಳೆ ತೆಗೆದುಬಿಡಿ ಅಕ್ಕಾ."

ಅಕ್ಕ ಹಾಳೆಯ ಮಡಿಕೆಯನ್ನು ಬೆರಳಿನಿಂದ ನೀವಿದಳು.

"ಮೊದಲನೇ ಹಾಳೆ, ಎರಡು ಸ್ಕ್ರೂ. ಹೊರಗಿನ ಕೈ ಬಿದ್ದಿತ್ತು ಅಂತ ಆಯ್ತು, ನಿಮ್ಮ ತಮ್ಮ ಆಚೆ ಬರ್ತಾನೆ. ಎರಡನೇ ಹಾಳೆನೂ ಜೊತೆಗೆ ಹೋದ್ರೆ ಅವರು ಆ ಸ್ಪ್ರಿಂಗನ್ನ ಕವರಿಂದ ತೆಗೀತಾರೆ. ತುದಿ ನೋಡ್ತಾರೆ. ನಿಮ್ಮನ್ನೇ ಕರೆದು ಕೇಳ್ತಾರೆ, ಇದು ಯಾರ ಕೆಲಸ ಅಂತ. ಏನ್ ಹೇಳ್ತೀರಿ?"

ತಮ್ಮ ಜೈಲಿಗೆ ಹೋದ ಮೊದಲ ತಿಂಗಳಲ್ಲಿ ಒಂದು ಕಾರ್ಡು ಬರೆದಿದ್ದ. ಭಾವನ ಬಲಗೈ ವಿಷಯ ನಿನಗೆ ಗೊತ್ತಿತ್ತಾ ಅಕ್ಕಾ? ಗೊತ್ತಿದ್ದರೆ ಹೇಳು, ಗೊತ್ತಿಲ್ಲದಿದ್ದರೆ ಬೇಡ. ಅಷ್ಟೇ. ಮದುವೆಯಾದ ಮೇಲೆ ಗಂಡ ಎರಡು ಸಲ ಅವಳ ಮೇಲೆ ಆ ಕೈ ಎತ್ತಿದ್ದುಂಟು. ತಮ್ಮ ಅದನ್ನೇ ಚುಚ್ಚಿ ಆಡುತ್ತಿದ್ದಾನೆ ಎಂದುಕೊಂಡು ಅಕ್ಕ ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿದ್ದಳು. ಉತ್ತರ ಬರೆಯಲಿಲ್ಲ. ಅವನು ಕೇಳಿದ್ದು ಅದನ್ನಲ್ಲ. ಈ ಕೈಗಾಗಿಯೇ ಸ್ಪ್ರಿಂಗ್ ಮಾಡಿದೆನೆಂದು ಅವನು ಹೇಳಿದರೆ, ಹೌದು ಎನ್ನಲು ಒಬ್ಬರು ಬೇಕಿತ್ತು. ಇವಳಿಗೆ ಗೊತ್ತಿಲ್ಲದಿದ್ದರೆ, ಅಕ್ಕನಿಗೆ ಹೇಳುವುದಿಲ್ಲವೆಂದು ಭಾವನಿಗೆ ಕೊಟ್ಟ ಮಾತು ಮುರಿಯುವವನಲ್ಲ ಅವನು. ಚಹಾದಂಗಡಿಯಲ್ಲಿ ಹತ್ತು ಜನ ಕೇಳಿದ್ದ ತಮ್ಮನ ಕೂಗೂ ಈಗ ಬೇರೆಯಾಗಿಯೇ ಕೇಳಿಸಿತು. ಇನ್ನೊಂದು ಸಲ ಆ ಗಾಡಿ ಹತ್ತಿದರೆ ಜೀವ ಉಳಿಯಲ್ಲ ನಿಂದು.

ಆದರೆ ಅಕ್ಕನ ಮನಸ್ಸು ಸಿಕ್ಕಿಕೊಂಡಿದ್ದು ಇನ್ನೊಂದು ಕಡೆ.

"ದಫೇದಾರ್ರೆ, ನಮ್ಮಲ್ಲಿ ಸ್ಪ್ರಿಂಗ್ ಒಂಟಿ ಮಾಡಲ್ಲ."

"ಅಂದ್ರೆ?"

ಜೋಡಿ ಕಾರ್ಬೊರೇಟರಿಗೆ ಜೋಡಿ ಸ್ಪ್ರಿಂಗ್, ಅಪ್ಪನ ಕಾಲದಿಂದಲೂ ಹಾಗೆಯೇ, ಎಂದು ಅಕ್ಕ ಬಿಡಿಸಿ ಹೇಳಿದಳು. ಎರಡನ್ನೂ ಒಟ್ಟಿಗೆ ಕತ್ತರಿಸಿ, ಒಟ್ಟಿಗೆ ತಿಕ್ಕಿ, ಅಳೆದು, ಒಂದೇ ಬೆಂಕಿಪೊಟ್ಟಣದಲ್ಲಿ ಇಡಬೇಕು. ಎರಡೂ ಬದಿ ಒಟ್ಟಿಗೆ ಹಾಕಿದರೆ ಗಾಡಿಗೆ ಏನೂ ಆಗುವುದಿಲ್ಲ, ಹಗುರಾಗುತ್ತದೆ ಅಷ್ಟೇ. ತಮ್ಮ ಎರಡು ಮಾಡಿಟ್ಟಿರಲೇಬೇಕು. ಗಂಡ ತಾಳ್ಮೆಗೆಟ್ಟು ಒಂದನ್ನು ಎತ್ತಿಕೊಂಡು ಹೋಗಿ ಒಂದೇ ಬದಿಗೆ ಹಾಕಿಕೊಂಡ. ಹಾಗಾದರೆ ಎರಡನೆಯದು ತಮ್ಮನ ಬೆಂಚಿನ ಮೇಲೆ ಇದ್ದಿರಬೇಕು. ಕೊಲ್ಲಬೇಕೆಂದವನು ಜೋಡಿ ಮಾಡಿ ಅಳೆದಿಡುತ್ತಾನೆಯೇ? ಆ ಒಂದು ಸಿಕ್ಕಿದರೆ ತಮ್ಮ ಗೆದ್ದ.

ಮಾತು ಮುಗಿದಾಗ ದಫೇದಾರನ ಮೀಸೆ ಇಳಿಬಿದ್ದಂತೆ ಕಂಡಿತು.

"ಬೆಂಕಿಪೊಟ್ಟಣ," ಎಂದ.

"ಏನು?"

"ಜಪ್ತಿ ಪಟ್ಟಿ ಬರೆದವನು ನಾನು. ನಿಮ್ಮ ತಮ್ಮನ ಬೆಂಚಿನ ಮೇಲಿದ್ದಿದ್ದೆಲ್ಲ ಒಂದೊಂದಾಗಿ ಬರೆದೆ. ಹದಿನೇಳನೇದು, ಬೆಂಕಿಪೊಟ್ಟಣ ಒಂದು, ಒಳಗೆ ಸಣ್ಣ ಸ್ಪ್ರಿಂಗ್ ಒಂದು." ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದ. "ಇನ್‌ಸ್ಪೆಕ್ಟರ್ ಸಾಹೇಬರು ನೋಡಿ ನಕ್ಕರು. ಬೆಂಕಿಪೊಟ್ಟಣನೂ ಬರೀತೀಯಲ್ಲೋ, ಹೊಡೆದುಹಾಕು ಅಂದ್ರು. ಆ ಸಾಲು ಹೊಡೆದು ಹಾಕಿದೆ. ಪೊಟ್ಟಣ ಅವರ ಜೇಬಿಗೆ ಹೋಯ್ತು."

"ಅವರು ಸಿಗರೇಟು ಸೇದ್ತಿದ್ರಾ?"

ಕಿಟಕಿಯಾಚೆ ಗುಮಾಸ್ತ ಚೀಲದ ಬಾಯಿಗೆ ಹುರಿ ಹುಡುಕುತ್ತಿದ್ದ.

"ಇಲ್ಲ," ಎಂದ ದಫೇದಾರ. "ಅವರು ಜೇಬಿಗೆ ಹಾಕ್ಕೊಂಡಿದ್ದು ಒಳಗಿನ ಸ್ಪ್ರಿಂಗಿಗೇ."

ಅಕ್ಕ ಎರಡನೆಯ ಹಾಳೆಯನ್ನು ಮಗುಚಿ ಹಾಕಿದಳು. ಹಿಂಬದಿ ಖಾಲಿಯಿತ್ತು. ದಾರ ಕಟ್ಟಿ ತೂಗುಬಿಟ್ಟಿದ್ದ ಅಂಚೆ ಕಚೇರಿಯ ಪೆನ್ನನ್ನು ಎಳೆದು ತಂದು, ಮೊದಲು ತಾನೇ ಬರೆದಳು. ತಾನು ಹೇಳಿದ ಸಾಕ್ಷಿ ತಪ್ಪು. ಗಾಯ ನೋಡಿದೆ, ಚುಕ್ಕಿ ನೋಡಲಿಲ್ಲ. ಸ್ಪ್ರಿಂಗಿನ ತುದಿ ತಿಕ್ಕಿದ ಕೆಲಸ ನನ್ನ ತಮ್ಮನದೇ. ಕೆಳಗೆ ರುಜು ಹಾಕಿ ಪೆನ್ನನ್ನು ದಫೇದಾರನ ಕಡೆ ಹಿಡಿದಳು.

"ಹದಿನೇಳನೇ ಸಾಲು ವಾಪಸ್ ಬರೀರಿ."

ನಲವತ್ತು ವರ್ಷ ಸಾಹೇಬರು ಹೇಳಿದ್ದನ್ನು ಬರೆದ ಕೈ. ಪೆನ್ನು ಹಿಡಿದು ಒಂದು ಕ್ಷಣ ನಿಂತಿತು. ಪಿಂಚಣಿ ಹೋಗಬಹುದು ಎಂದ. ಹೋಗಬಹುದು ಎಂದಳು ಅಕ್ಕ. ಅವಳು ಪೆನ್ನಿನ ದಾರವನ್ನು ಸಡಿಲ ಮಾಡಿ ಹಿಡಿದುಕೊಂಡಳು, ಅವನ ಕೈಗೆ ತಡೆಯಾಗದಿರಲೆಂದು.

ದಫೇದಾರ ಬರೆದ. ನಿಧಾನವಾಗಿ, ಪಟ್ಟಿ ಬರೆಯುವ ಹಾಗೆ, ತಾರೀಕು ಹಾಕಿ, ಇನ್‌ಸ್ಪೆಕ್ಟರ ಪೂರ್ತಿ ಹೆಸರು ಹಾಕಿ ಬರೆದ.

ಎರಡು ಹಾಳೆಯನ್ನೂ ಮಡಿಸಿ, ಎರಡು ಸ್ಕ್ರೂಗಳನ್ನು ಬಟ್ಟೆಯ ಚೂರಿನಲ್ಲಿ ಸುತ್ತಿ ಒಳಗಿಟ್ಟು, ಅಕ್ಕ ಲಕೋಟೆಗೆ ಗೋಂದು ಹಚ್ಚಿದಳು. ಬೆರಳಿನಿಂದ ಒತ್ತಿ ಹಿಡಿದು ಅಂಟುವವರೆಗೂ ಕಾದಳು. ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷ.

ಗುಮಾಸ್ತ ತಕ್ಕಡಿಗೆ ಹಾಕಿ ತಲೆಯಾಡಿಸಿದ. ಈ ಚೀಟಿ ಯಾವ ಕಾಲದ್ದಮ್ಮಾ, ಇದು ಸಾಲದು, ಎಂದು ಹಳೆಯದರ ಪಕ್ಕಕ್ಕೆ ಹೊಸ ಚೀಟಿಗಳನ್ನು ಸಾಲಾಗಿ ಅಂಟಿಸಿದ. ಲಕೋಟೆಯನ್ನು ಹಿಚುಕಿ ನೋಡಿದ.

"ಒಳಗೆ ಏನೋ ಗಟ್ಟಿ ಇದೆ. ಏನದು?"

"ಎರಡು ಸ್ಕ್ರೂ," ಎಂದಳು ಅಕ್ಕ.

ಅವನು ನಗಲೋ ಬೇಡವೋ ಎಂದು ಅವಳ ಮುಖ ನೋಡಿದ. ನಗಲಿಲ್ಲ. ಮುದ್ರೆ ಎತ್ತಿ ಆರು ವರ್ಷದ ಹಿಂದಿನ ಅಂಚೆಚೀಟಿಯ ಮೇಲೆ ಮೊದಲು ಹೊಡೆದ, ಆಮೇಲೆ ಇವತ್ತಿನವುಗಳ ಮೇಲೆ. ಲಕೋಟೆ ಚೀಲಕ್ಕೆ ಬಿತ್ತು. ಚೀಲದ ಬಾಯಿಗೆ ಹುರಿ ಸುತ್ತಿ ಗಂಟು ಬಿಗಿದ.